ಹುಳ ಹಣ್ಣಾದ ದಿನದ ಹೆಬ್ಬೆಟ್ಟು

ಸಾದಲಿ
11 ಫೆಬ್ರವರಿ 2024

ಪೂಜ್ಯ ಚೆನ್ನರಾಯಪ್ಪ ಮೇಷ್ಟ್ರಿಗೆ, ಏಳನೇ ಕ್ಲಾಸಿನ ಆದಿಲಕ್ಷ್ಮಿಯ ನಮಸ್ಕಾರಗಳು.

ಫೋನ್ ಮಾಡಿದರೆ ‘ಯಾರು, ಯಾರು’ ಎಂದು ಕೂಗಿ ಇಟ್ಟುಬಿಡುತ್ತೀರಿ. ಕಿವಿ ಮಂದವಾಗಿದೆ ಎಂದು ನಿಮ್ಮ ಸೊಸೆ ಹೇಳಿದರು. ಒಳ್ಳೆಯದೇ ಆಯಿತು. ನಮ್ಮ ಲಾಯರಮ್ಮ ಶಿರೀಷಾ ಕೂಡ ಫೋನ್ ಬೇಡ ಅಂದಿದ್ದಾರೆ. ‘ಸಾಕ್ಷಿ ಜೊತೆ ಎಷ್ಟು ಸಲ ಮಾತಾಡಿದ್ರಿ ಅಂತ ಲಿಸ್ಟ್ ತೆಗೆಸ್ತಾರೆ ಕಣಮ್ಮ’ ಎಂದರು. ಅದಕ್ಕೇ ಈ ಕಾಗದ.

ಚಿಕ್ಕವೆಂಕಟಮ್ಮನ ವಿಲ್ಲು ನಿಮಗೆ ನೆನಪಿರಬೇಕು. ಗಂಡ ಬಿಟ್ಟು ಹೋದ ಮೇಲೆ ಸೊಪ್ಪು ಕೊಯ್ಯುವ ಕೂಲಿಗೆಂದು ನಾನು ಆಯಮ್ಮನ ಮನೆಗೆ ಬಂದವಳು, ಇಪ್ಪತ್ತು ವರ್ಷ ಅಲ್ಲೇ ಉಳಿದೆ. ರೇಷ್ಮೆ ಹುಳ ಸಾಕಿದ್ದೂ ನಾವಿಬ್ಬರೇ, ಆಯಮ್ಮ ಮಲಗಿದಾಗ ಮಲ ಮೂತ್ರ ಬಳಿದದ್ದೂ ನಾನೇ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಹುಳದ ಮನೆ ನನಗಿರಲಿ ಎಂದು 2017ರಲ್ಲಿ ಬರೆಸಿದರು. 2021ರಲ್ಲಿ ತೀರಿಕೊಂಡರು. ಹದಿಮೂರನೇ ದಿನಕ್ಕೆ ಆಯಮ್ಮನ ಗಂಡನ ತಮ್ಮನ ಮಗ ಮೋಹನ್‌ಬಾಬು ಚಿಂತಾಮಣಿಯಿಂದ ಬಂದ. ಮಕ್ಕಳಿಲ್ಲದ ಹೆಂಗಸಿನ ಆಸ್ತಿ ಗಂಡನ ಕಡೆಯವರಿಗಂತೆ. ಬದುಕಿದ್ದಾಗ ಒಂದು ಲೋಟ ನೀರು ಕೊಡದವನು ಪಹಣಿಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ನಾನು ಶಿಡ್ಲಘಟ್ಟದ ಕೋರ್ಟಿಗೆ ಹೋದೆ.

ವಿಲ್ಲು ತೋರಿಸಿದರೆ ಸಾಲದಂತೆ. ಸಾಕ್ಷಿ ಹಾಕಿದವರಲ್ಲಿ ಒಬ್ಬರಾದರೂ ಬಂದು, ‘ನನ್ನ ಕಣ್ಣೆದುರಿಗೇ ಹೆಬ್ಬೆಟ್ಟು ಒತ್ತಿದರು, ಆಮೇಲೆ ಅವರೆದುರಿಗೇ ನಾನು ಸಹಿ ಹಾಕಿದೆ’ ಎನ್ನಬೇಕಂತೆ. ವಿಲ್ಲು ಬರೆದ ಪತ್ರ ಬರಹಗಾರ ಮುನಿಶಾಮಪ್ಪ ಕೊರೊನಾದಲ್ಲಿ ಹೋದ. ಇನ್ನೊಬ್ಬ ಸಾಕ್ಷಿ ಗಂಗರಾಜು ಹೋದ ವರ್ಷ ಬೈಕಿನಿಂದ ಬಿದ್ದು ಸತ್ತ. ಉಳಿದವರು ನೀವೊಬ್ಬರೇ. ನೀವು ಬರದಿದ್ದರೆ ನಾನು ಬೀದಿಗೆ.

ಇಂತಿ,
ಆದಿಲಕ್ಷ್ಮಮ್ಮ


ನಗರಗೆರೆ
24 ಫೆಬ್ರವರಿ 2024

ಚಿ. ಸೌ. ಆದಿಲಕ್ಷ್ಮಿಗೆ ಆಶೀರ್ವಾದಗಳು.

ಕಾಗದ ಸೇರಿತು. ನಿನ್ನ ಅಕ್ಷರ ಇನ್ನೂ ಎಡಕ್ಕೆ ವಾಲುತ್ತದೆ. ನನಗೆ ಬಿ.ಪಿ. ಇದೆ. ಗೌರಿಬಿದನೂರಿಗೆ ಹೋಗಿ ಮಾತ್ರೆ ತರುವುದೇ ಒಂದು ದಿನದ ಕೆಲಸ.

ಆ ದಿನದ್ದನ್ನು ನೆನಪಿರುವಷ್ಟು ಬರೆಯುತ್ತೇನೆ. ಮುನಿಶಾಮಪ್ಪ ಶಾಲೆಗೆ ಬಂದು ಗಂಗರಾಜುವನ್ನೂ ನನ್ನನ್ನೂ ಕರೆದುಕೊಂಡು ಹೋದ. ಚಿಕ್ಕವೆಂಕಟಮ್ಮ ಹುಳದ ಮನೆಯ ಬಾಗಿಲಲ್ಲೇ ತಡೆದರು. ‘ಹುಳ ಹಣ್ಣಾಗವೆ ಸಾರ್. ಈಗ ಮಸಿ ಮುಟ್ಟಲ್ಲ. ಎಲ್ಲಾನೂ ಚಂದ್ರಿಕೆಗೆ ಬಿಟ್ಟು ಬಂದು ಒತ್ತೀನಿ, ನೀವು ಸೈನ್ ಹಾಕಿ ಹೋಗ್ರಿ’ ಎಂದರು. ನಾನು ಹಿಂದೆ ಮುಂದೆ ನೋಡಿದೆ. ಮುನಿಶಾಮಪ್ಪ ನಕ್ಕ. ‘ಸಾಕ್ಷಿ ಸಿಗೋದು ಕಷ್ಟ ಮೇಷ್ಟ್ರೇ, ಹೆಬ್ಬೆಟ್ಟು ಎಲ್ಲಿ ಹೋಗ್ತದೆ? ಎಲ್ಲಾ ಪತ್ರಕ್ಕೂ ನಾನು ಹಿಂಗೇ ಮಾಡೋದು’ ಎಂದ. ನಾಲ್ಕು ಹತ್ತರ ಬಸ್ಸಿತ್ತು. ಜಗಲಿಯ ಮೇಲೆ ಕಾಗದ ಇಟ್ಟು ಸಹಿ ಹಾಕಿ ಹೊರಟೆ.

ಹಣ್ಣಾದ ಹುಳ ನೂಲು ಬಿಡುವ ಮೊದಲು ಅದನ್ನು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಏರಿಸಬೇಕು, ಒಂದು ತಾಸು ತಡವಾದರೂ ಬೆಳೆ ಹಾಳು ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಆದ್ದರಿಂದ ಆಕೆಯದು ತಪ್ಪೆನ್ನಲಾರೆ. ನನ್ನದು ಏನೆಂದು ಯೋಚಿಸುತ್ತಿದ್ದೇನೆ.

ಸಮನ್ಸ್ ಬಂದರೆ ಬರುತ್ತೇನೆ. ಈ ಕಾಗದವನ್ನು ಓದಿ ಒಲೆಗೆ ಹಾಕು.

ಚೆನ್ನರಾಯಪ್ಪ
ನಿವೃತ್ತ ಮುಖ್ಯೋಪಾಧ್ಯಾಯ


ಸಾದಲಿ
30 ಜೂನ್ 2024

ಮೇಷ್ಟ್ರಿಗೆ ನಮಸ್ಕಾರಗಳು.

ಮೊನ್ನೆ ನನ್ನ ಸಾಕ್ಷಿ ಆಯಿತು. ಮನೆಗೆ ಬಂದು ಮೂರು ಸಲ ಬಾಯಿ ಮುಕ್ಕಳಿಸಿದೆ. ಆದರೂ ಹೋಗಿಲ್ಲ.

ನಿಮ್ಮ ಕಾಗದವನ್ನು ನಾನು ಸುಡಲಿಲ್ಲ, ಲಾಯರಮ್ಮನಿಗೂ ತೋರಿಸಲಿಲ್ಲ. ‘ಮೇಷ್ಟ್ರು ಬೇಗ ಹೋದರು, ಹೆಬ್ಬೆಟ್ಟು ಒತ್ತುವಾಗ ನಾನೊಬ್ಬಳೇ ಇದ್ದೆ’ ಎಂದು ಬಾಯಲ್ಲಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ‘ನೋಡಮ್ಮ, ನಾನೇನೂ ಹೇಳಿಕೊಡಲ್ಲ. ಕಾನೂನು ಏನು ಕೇಳುತ್ತೆ ಅಂತ ಹೇಳ್ತೀನಿ ಅಷ್ಟೆ. ಆಸ್ತಿ ಸಿಗೋವಳೇ ಪಕ್ಕದಲ್ಲಿ ಕೂತು ಒತ್ತಿಸಿದ್ಲು ಅಂದ್ರೆ ವಿಲ್ಲಿನ ಮೇಲೆ ಅನುಮಾನ ಬರುತ್ತೆ. ಸಾಕ್ಷಿ ಹಾಕಿದೋರು ನೋಡಿಲ್ಲ ಅಂದ್ರೆ ವಿಲ್ಲೇ ಬಿದ್ದೋಗುತ್ತೆ. ಈಗ ನಿಮಗೆ ಏನು ನೆನಪಿದೆ, ಯೋಚನೆ ಮಾಡಿ ಹೇಳಿ’ ಎಂದರು.

ಅರ್ಥವಾಯಿತಲ್ಲ ಮೇಷ್ಟ್ರೇ? ಕಣ್ಣಾರೆ ನೋಡಿದವಳು ನಾನೊಬ್ಬಳೇ. ನಾನು ನೋಡಲಿಲ್ಲ ಎನ್ನಬೇಕು. ನೋಡದೆ ಬಸ್ಸು ಹತ್ತಿದವರು ನೀವು. ನೀವು ನೋಡಿದೆ ಎನ್ನಬೇಕು. ಇಬ್ಬರೂ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬೇಕು. ಥೂ.

ಹೇಳಿದೆ. ‘ನಾನು ಆಗ ತೋಟದಲ್ಲಿದ್ದೆ, ಮಾರನೇ ದಿನ ಗೊತ್ತಾಯಿತು’ ಎಂದೆ. ಟೈಪಿಸ್ಟ್ ಟಕಟಕ ಹೊಡೆದುಕೊಂಡ. ಮೋಹನ್‌ಬಾಬು ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಅವನೆದುರಿಗೆ ನಾನು ಸುಳ್ಳಿಯಾದೆ. ಅವನು ಸುಳ್ಳು ಹೇಳುವ ಅಗತ್ಯವೇ ಇಲ್ಲ, ಸುಮ್ಮನೆ ಕೂತರೆ ಸಾಕು.

ಆಮೇಲೆ ಅವನ ವಕೀಲ ಹುಳದ ಬಗ್ಗೆ, ಬೆಳೆಯ ಬಗ್ಗೆ ನಯವಾಗಿ ಏನೇನೋ ಕೇಳಿದ. ಅದಕ್ಕೆಲ್ಲ ಉಸಿರು ಬಿಟ್ಟು ನಿಜವನ್ನೇ ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೂ ಹೇಳಿದೆ. ಆ ಒಂದು ಹತ್ತು ನಿಮಿಷ ಮಾತ್ರ ನಾನು ನಾನಾಗಿದ್ದೆ. ಹುಳದ ಮಾತು ನಿಮಗೆ ಬೇಸರ, ಬರೆಯುವುದಿಲ್ಲ.

ಜುಲೈ ಇಪ್ಪತ್ತಾರಕ್ಕೆ ನಿಮ್ಮ ತಾರೀಖು.

ಆದಿಲಕ್ಷ್ಮಮ್ಮ


ನಗರಗೆರೆ
2 ಆಗಸ್ಟ್ 2024

ಚಿ. ಆದಿಲಕ್ಷ್ಮಿಗೆ,

ಇಪ್ಪತ್ತಾರನೇ ತಾರೀಖು ಬರಲಾಗಲಿಲ್ಲ. ತಲೆ ಸುತ್ತು ಇತ್ತು. ಡಾಕ್ಟರ ಚೀಟಿಯನ್ನು ಕೋರ್ಟಿಗೆ ಕಳಿಸಿದ್ದೇನೆ. ಸೆಪ್ಟೆಂಬರಿಗೆ ಹಾಕಿದ್ದಾರೆಂದು ತಿಳಿಯಿತು. ಆಗ ಬಂದು ಹೇಳಬೇಕಾದ್ದನ್ನು ಹೇಳುತ್ತೇನೆ. ನೀನು ಚಿಂತೆ ಮಾಡಿ ಪ್ರಯೋಜನವಿಲ್ಲ.

ಇಲ್ಲಿ ರಾಗಿ ಬಿತ್ತನೆ ಮುಗಿಯಿತು.

ಚೆನ್ನರಾಯಪ್ಪ


ಸಾದಲಿ
19 ಆಗಸ್ಟ್ 2024

ಮೇಷ್ಟ್ರೇ,

ನಮಸ್ಕಾರ ಬರೆಯಲು ಕೈ ಬರುತ್ತಿಲ್ಲ.

ನಮ್ಮೂರ ಆವುಲಪ್ಪ ನೆಂಟರ ಮನೆಗೆಂದು ನಗರಗೆರೆಗೆ ಬಂದಿದ್ದನಲ್ಲ, ನಿಮ್ಮ ಬಾಗಿಲಲ್ಲಿ ಮೋಹನ್‌ಬಾಬು ಕಾರು ನಿಂತಿದ್ದನ್ನು ನೋಡಿದ್ದಾನೆ. ಜುಲೈ ಇಪ್ಪತ್ತೊಂದು, ಭಾನುವಾರ. ಇಪ್ಪತ್ತಾರಕ್ಕೆ ನಿಮಗೆ ತಲೆ ಸುತ್ತು. ಇದರ ಬಗ್ಗೆ ನಿಮ್ಮ ಕಾಗದದಲ್ಲಿ ಒಂದಕ್ಷರವಿಲ್ಲ, ರಾಗಿಯ ಬಗ್ಗೆ ಇದೆ.

ಏಳನೇ ಕ್ಲಾಸಿನಲ್ಲಿ ಚಾಕ್‌ಪೀಸ್ ಡಬ್ಬ ಕಳೆದಾಗ ‘ಓಬಳಮ್ಮ ತಗೊಂಡಿದ್ದು ನಾನು ನೋಡ್ದೆ ಸಾರ್’ ಎಂದೆ. ನೋಡಿರಲಿಲ್ಲ. ನೀವು ನನ್ನನ್ನು ಮಧ್ಯಾಹ್ನದ ಬೆಲ್ ಹೊಡೆಯುವವರೆಗೆ ಬಿಸಿಲಿನಲ್ಲಿ ನಿಲ್ಲಿಸಿದಿರಿ. ‘ನೋಡದ್ದನ್ನು ನೋಡಿದೆ ಅನ್ನಬಾರದು ಕಣಮ್ಮ, ಅದು ಕಳ್ಳತನಕ್ಕಿಂತ ಕೀಳು’ ಎಂದಿರಿ. ಈಗ ಅದೇ ಪಾಠ ಹಿಡಿದುಕೊಂಡು ‘ನಾನು ನೋಡಲಿಲ್ಲ’ ಎಂದು ಕೋರ್ಟಿನಲ್ಲಿ ದೊಡ್ಡವರಾಗುತ್ತೀರಿ, ಅಲ್ಲವೇ? ಹೇಳಬೇಕಾದ್ದು ಎಂದರೆ ಅದೇ ತಾನೇ? ನಿಮ್ಮ ಸತ್ಯ ಅವನಿಗೆ ಜಮೀನು ಕೊಡಿಸುತ್ತದೆ. ಎಂಥ ಅನುಕೂಲದ ಸತ್ಯ. ನನಗೆ ನಿಮ್ಮನ್ನು ನೆನೆದರೆ ಹೇಸಿಗೆಯಾಗುತ್ತದೆ.

ನೀವು ನೋಡಲಿಲ್ಲ, ಸರಿ. ನಾನು ನೋಡಿದ್ದೇನೆ, ಕೇಳಿ. ಕೊನೆಯ ಹುಳ ಚಂದ್ರಿಕೆಗೆ ಬಿಟ್ಟಾಗ ದೀಪ ಹಚ್ಚುವ ಹೊತ್ತು. ಚಿಕ್ಕವೆಂಕಟಮ್ಮ ಹುಳದ ಮನೆಯೊಳಗೆ, ನಡುಗಂಬದ ಪಕ್ಕ, ಸೊಪ್ಪಿನ ಕುಕ್ಕೆ ಬೋರಲು ಹಾಕಿ ಅದರ ಮೇಲೆ ಕೂತರು. ತೊಡೆಯ ಮೇಲೆ ಖಾಲಿ ತಟ್ಟೆ, ತಟ್ಟೆಯ ಮೇಲೆ ಕಾಗದ. ಮೊದಲ ಸಲ ಒತ್ತಿದ್ದು ಸರಿಯಾಗಿ ಬೀಳಲಿಲ್ಲ. ಸೊಪ್ಪು ಹೆಚ್ಚಿ ಹೆಚ್ಚಿ ಬೆರಳಿನ ಗೆರೆ ಸವೆದಿದ್ದವು. ‘ನನ್ನ ಬೆಳ್ಳಲ್ಲಿ ನಾನೇ ಇಲ್ಲ ನೋಡೇ’ ಎಂದು ನಕ್ಕು ಎರಡನೇ ಸಲ ಒತ್ತಿದರು. ಆಮೇಲೆ ನಾನು ಸೋಪು ಹಾಕಿ ಅವರ ಕೈ ತೊಳೆದೆ. ಮಸಿ ಹೋಗಲು ನಾಲ್ಕು ಚೊಂಬು ನೀರು ಬೇಕಾಯಿತು.

ಇದು ನಡೆದದ್ದು. ಇದನ್ನು ನಾನು ಹೇಳುವಂತಿಲ್ಲ. ನೀವು ಏನು ಬೇಕಾದರೂ ಹೇಳಿಕೊಳ್ಳಿ.

ಆದಿಲಕ್ಷ್ಮಮ್ಮ


ನಗರಗೆರೆ
27 ಸೆಪ್ಟೆಂಬರ್ 2024

ಆದಿಲಕ್ಷ್ಮಿಗೆ,

ನಿನ್ನೆ ಶಿಡ್ಲಘಟ್ಟಕ್ಕೆ ಹೋಗಿ ಹೇಳಿ ಬಂದೆ. ನೀನು ಕಾಣಲಿಲ್ಲ. ಹುಳ ನಾಲ್ಕನೇ ಜ್ವರದಲ್ಲಿವೆ, ಪೊರೆ ಕಳಚುವ ಹೊತ್ತು, ಬಿಟ್ಟು ಬರಲಾಗಲಿಲ್ಲ ಎಂದು ನಿಮ್ಮ ಲಾಯರಮ್ಮ ಹೇಳಿದರು. ಬಾರದ್ದೇ ವಾಸಿ.

ಮೋಹನ್‌ಬಾಬು ನಮ್ಮ ಮನೆಗೆ ಬಂದದ್ದು ನಿಜ. ಹೆಚ್ಚು ಬರೆಯಲಾರೆ.

ಚೆನ್ನರಾಯಪ್ಪ


ಸಾದಲಿ
8 ಮಾರ್ಚ್ 2025

ಮೇಷ್ಟ್ರಿಗೆ,

ತೀರ್ಪಾಯಿತು. ಸೋತೆ. ಐದು ತಿಂಗಳು ಲಾಯರಮ್ಮ ‘ನೋಡಣ, ನೋಡಣ’ ಎನ್ನುತ್ತಿದ್ದರು. ನೀವು ಅವನ ಕಡೆ ಹೇಳಿದಿರಿ, ನನಗೆ ಹೇಳಲು ಇವರಿಗೆ ಬಾಯಿಲ್ಲ ಎಂದುಕೊಂಡಿದ್ದೆ. ಆ ಐದು ತಿಂಗಳೂ ದಿನಾ ಬೆಳಿಗ್ಗೆ ಸೊಪ್ಪು ಹೆಚ್ಚುತ್ತಾ ನಿಮ್ಮನ್ನು ಬೈದಿದ್ದೇನೆ.

ನಿನ್ನೆ ತೀರ್ಪಿನ ನಕಲು ಕೈಗೆ ಬಂತು. ಕೂತು ಓದಿದೆ. ‘ಎರಡನೇ ಸಾಕ್ಷಿಯು ತಾನು ಹುಳದ ಮನೆಯ ಒಳಗೆ, ನಡುಗಂಬದ ಪಕ್ಕ ನಿಂತು, ಮೃತಳು ಸೊಪ್ಪಿನ ಕುಕ್ಕೆಯ ಮೇಲೆ ಕುಳಿತು ಎರಡು ಬಾರಿ ಹೆಬ್ಬೆಟ್ಟು ಒತ್ತಿದ್ದನ್ನು ನೋಡಿದ್ದಾಗಿ ನುಡಿದಿರುತ್ತಾರೆ.’ ಆ ಸಾಲನ್ನು ಎಷ್ಟು ಸಲ ಓದಿದೆನೋ. ನನ್ನ ಕಾಗದ ಅದು. ನನ್ನ ಕಣ್ಣು. ಅದನ್ನು ನಿಮ್ಮ ಬಾಯಲ್ಲಿ ಕೇಳುವಂತಾಯಿತು.

ಅದರ ಕೆಳಗೆ ಹೀಗಿದೆ: ‘ಆದರೆ ಹುಳ ಹಣ್ಣಾದ ದಿನ ಹೊರಗಿನ ಯಾರನ್ನೂ ಹುಳದ ಮನೆಯೊಳಗೆ ಬಿಡುವುದಿಲ್ಲವೆಂದೂ, ಅಂದೂ ಯಾರನ್ನೂ ಬಿಟ್ಟಿಲ್ಲವೆಂದೂ ವಾದಿಯೇ ಪಾಟೀಸವಾಲಿನಲ್ಲಿ ಒಪ್ಪಿರುತ್ತಾರೆ. ಇಬ್ಬರಲ್ಲಿ ಒಬ್ಬರು ಹೇಳುತ್ತಿರುವುದು ನಿಜವಲ್ಲ.’

ಒಬ್ಬರಲ್ಲ ಮೇಷ್ಟ್ರೇ, ಇಬ್ಬರೂ. ಆದರೆ ಆ ವಕೀಲ ಹುಳದ ಬಗ್ಗೆ ನಯವಾಗಿ ಕೇಳಿದನಲ್ಲ, ಅವತ್ತು ನಾನು ಹೆಮ್ಮೆಯಿಂದ ಹೇಳಿದ್ದು ಇದೇ. ‘ನಮ್ಮ ಚಿಕ್ಕವೆಂಕಟಮ್ಮ ದೇವರು ಬಂದರೂ ಬಿಡ್ತಿರಲಿಲ್ಲ ಸಾರ್’ ಎಂದಿದ್ದೆ. ಇಡೀ ಕೇಸಿನಲ್ಲಿ ನಾನು ಹೇಳಿದ ಒಂದೇ ಒಂದು ನಿಜ. ಅದನ್ನು ನಿಮಗೆ ಬರೆಯಲಿಲ್ಲ. ಅದೇ ನಿಮ್ಮ ಕುತ್ತಿಗೆ ಹಿಡಿಯಿತು.

ಯಾಕೆ ಹೀಗೆ ಮಾಡಿದಿರಿ? ಮೋಹನ್‌ಬಾಬು ಯಾಕೆ ಬಂದಿದ್ದ? ಈಗಲಾದರೂ ಪೂರ್ತಿ ಬರೆಯಿರಿ.

ಆದಿಲಕ್ಷ್ಮಿ


ನಗರಗೆರೆ
20 ಮಾರ್ಚ್ 2025

ಆದಿಲಕ್ಷ್ಮಿಗೆ ಆಶೀರ್ವಾದಗಳು.

ಪೂರ್ತಿ ಬರೆಯುತ್ತೇನೆ.

ಮೋಹನ್‌ಬಾಬು ಮೈಸೂರುಪಾಕಿನ ಡಬ್ಬ ತಂದಿದ್ದ. ‘ನಿಮ್ಮತ್ರ ಸುಳ್ಳು ಹೇಳ್ಸಕ್ಕೆ ಬಂದಿಲ್ಲ ಮೇಷ್ಟ್ರೇ. ನೀವು ಹೆಬ್ಬೆಟ್ಟು ಒತ್ತಿದ್ದು ನೋಡ್ಲಿಲ್ಲ ಅಂತ ಮುನಿಶಾಮಪ್ಪನೇ ನಮ್ಮಪ್ಪಂಗೆ ಹೇಳಿದ್ದ. ನಿಜ ಹೇಳ್ರಿ ಸಾಕು. ನಿಜ ಹೇಳಕ್ಕೆ ಯಾಕೆ ಹೆದರ್ಬೇಕು’ ಎಂದ. ನಲವತ್ತು ವರ್ಷ ನಾನು ಮಕ್ಕಳಿಗೆ ಹೇಳಿದ ಮಾತನ್ನೇ ಹೇಳಿದ. ಅದು ಅವನ ಬಾಯಲ್ಲಿ ಕೊಳಕಾಗಿತ್ತು. ಡಬ್ಬವನ್ನು ಕಾರಿನವರೆಗೆ ಹೊತ್ತು ವಾಪಸು ಕೊಟ್ಟೆ.

ಆದರೂ ನಿಜವನ್ನೇ ಹೇಳಬೇಕೆಂದಿದ್ದೆ. ತಲೆ ಸುತ್ತು ಸುಳ್ಳು. ಧೈರ್ಯ ಬರಲಿಲ್ಲ, ಅಷ್ಟೆ. ಆಮೇಲೆ ನಿನ್ನ ಕಾಗದ ಬಂತು. ಅದನ್ನು ಓದಿದ ಮೇಲೆ ನಿಜ ಹೇಳಿದರೆ ನಾನು ಅವನ ಕಡೆಯವನಾಗುತ್ತಿದ್ದೆ, ಸುಳ್ಳು ಹೇಳಿದರೆ ನಿನ್ನ ಕಡೆಯವನು. ಜಗಲಿಯಲ್ಲಿ ನಿಂತು ನೋಡಿದೆ ಎಂದಿದ್ದರೆ ಉಳಿಯುತ್ತಿತ್ತೇನೋ. ನೀನು ಅಷ್ಟು ಚೆನ್ನಾಗಿ ಬರೆದಿದ್ದೆ, ಕಣ್ಣು ಮುಚ್ಚಿದರೆ ಕಾಣುತ್ತಿತ್ತು. ಅದನ್ನೇ ಹೇಳಿದೆ. ಹೇಳುವಾಗ ನಾನು ಅಲ್ಲಿದ್ದೆ ಎಂದೇ ಅನ್ನಿಸಿತು. ಸುಳ್ಳು ಹೇಳುವುದು ಇಷ್ಟು ಸುಲಭವೆಂದು ನನಗೆ ಅರವತ್ತೈದು ವರ್ಷ ಗೊತ್ತಿರಲಿಲ್ಲ.

ಅವನ ವಕೀಲ, ಒಳಗೆ ಹೋಗುವಾಗ ಕೈ ಕಾಲು ತೊಳೆದಿರಾ ಎಂದು ಕೇಳಿದ. ತೊಳೆದೆ ಎಂದೆ. ಹುಳ ಹಣ್ಣಾಗಿದ್ದವೇ ಎಂದ. ಹೌದೆಂದೆ. ಆಗ ನಿನ್ನ ಹೇಳಿಕೆಯನ್ನು ತೆಗೆದು ಗಟ್ಟಿಯಾಗಿ ಓದಿದ. ಕಿವಿ ಕೇಳದ ನನಗೂ ಪ್ರತಿ ಅಕ್ಷರ ಕೇಳಿಸಿತು. ‘ಮೇಷ್ಟ್ರು ನೀರು ಕುಡೀಲಿ’ ಎಂದು ಅವನು ಹೇಳಿದಾಗ ಹಿಂದೆ ಯಾರೋ ನಕ್ಕರು. ನನ್ನ ಶಿಷ್ಯನೊಬ್ಬ ಅಲ್ಲಿ ಗುಮಾಸ್ತ. ಅವನು ತಲೆ ತಗ್ಗಿಸಿದ.

ಅಂದು ನಾನು ಬಸ್ಸು ಬಿಟ್ಟು ಎರಡು ಗಂಟೆ ಜಗಲಿಯ ಮೇಲೆ ಕೂತಿದ್ದರೆ ಸಾಕಿತ್ತು. ನನ್ನ ತಪ್ಪು ಅದು. ಮಿಕ್ಕದ್ದೆಲ್ಲ ಅದರ ಮರಿಗಳು.

ನಡೆದದ್ದನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದು ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ಚಿಕ್ಕಬಳ್ಳಾಪುರಕ್ಕೆ ಅಪೀಲು ಹೋಗುವಾಗ ಕೊಡು. ನನ್ನ ಮೇಲೆ ಸುಳ್ಳು ಸಾಕ್ಷಿಯ ಕೇಸಾದರೆ ಆಗಲಿ.

ಚೆನ್ನರಾಯಪ್ಪ


ಸಾದಲಿ
14 ಏಪ್ರಿಲ್ 2025

ಪೂಜ್ಯ ಮೇಷ್ಟ್ರಿಗೆ ಆದಿಲಕ್ಷ್ಮಿಯ ನಮಸ್ಕಾರಗಳು.

ನಿಮ್ಮ ಹಾಳೆಯನ್ನು ಲಾಯರಮ್ಮನಿಗೆ ತೋರಿಸಿದೆ. ಓದಿ ಕನ್ನಡಕ ತೆಗೆದರು. ‘ಇದನ್ನ ಕೊಟ್ರೆ ಮೇಷ್ಟ್ರು ಒಳಗೆ ಹೋಗ್ತಾರೆ. ನಿಮಗೆ ಏನೂ ಬರಲ್ಲ. ನಿಜ ಬರೆದಿದ್ದಾರೆ, ಅದೇ ತೊಂದರೆ’ ಎಂದರು. ನಮ್ಮ ಕೇಸಿನ ನಡುವೆ ಸಾಕ್ಷಿಯ ಕಾನೂನಿಗೆ ಹೊಸ ಹೆಸರು, ಹೊಸ ಪುಸ್ತಕ ಬಂತಂತೆ. ಹೊಸದರಲ್ಲಾದರೂ ನೋಡಿದವಳ ಮಾತು ನಡೆಯುತ್ತದೆಯೇ ಎಂದು ಕೇಳಿದೆ. ವಿಲ್ಲಿನ ವಿಷಯದಲ್ಲಿ ನಂಬರ್ ಬದಲಾಗಿದೆ, ಮಾತು ಅದೇ ಎಂದರು. ಮನೆಗೆ ಬಂದು ಹಾಳೆಯನ್ನು ಒಲೆಗೆ ಹಾಕಿದೆ. ನೀವು ಸುಡು ಎಂದ ಕಾಗದವನ್ನು ಇಟ್ಟುಕೊಂಡೆ, ಕೋರ್ಟಿಗೆ ಕೊಡು ಎಂದದ್ದನ್ನು ಸುಟ್ಟೆ. ಬೈಯಬೇಡಿ.

ಚಿಕ್ಕಬಳ್ಳಾಪುರಕ್ಕೆ ಹೋಗುವುದಿಲ್ಲ. ಅಲ್ಲಿಗೂ ಇದೇ ಎರಡು ಸುಳ್ಳನ್ನು ಹೊತ್ತು ನಡೆಯಬೇಕು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ. ನಾನು ಸಾಯಲಿಲ್ಲ. ಈ ಬೆಳೆಯ ಗೂಡು ಬಿಡಿಸಿ ಶಿಡ್ಲಘಟ್ಟಕ್ಕೆ ಹೋಗುತ್ತೇನೆ. ವಜೀರುನ್ನೀಸಾ ಎನ್ನುವವರ ನೂಲು ಬಿಚ್ಚುವ ಮನೆಯಲ್ಲಿ ಕೆಲಸವಿದೆ. ಇಪ್ಪತ್ತು ವರ್ಷ ನಮ್ಮ ಗೂಡು ಕೊಂಡವರು ಅವರು. ‘ತುಮ್ ಆಜಾವ್ ಬಸ್, ನೀನು ಬಂದ್ರೆ ಸಾಕು, ಕಾಗದ ಗೀಗದ ಏನೂ ಬೇಡ’ ಎಂದರು. ಆ ಮಾತಿಗೆ ಅಲ್ಲೇ ಅತ್ತುಬಿಟ್ಟೆ. ತೋಟ ಬಿಡುವುದಕ್ಕೆ ಹೊಟ್ಟೆ ಉರಿಯುತ್ತದೆ, ಇಲ್ಲವೆಂದು ನಿಮಗೆ ಸುಳ್ಳು ಹೇಳುವುದಿಲ್ಲ.

ನಿಮ್ಮನ್ನು ಹೇಸಿಗೆ ಎಂದೆ. ತಪ್ಪಾಯಿತು. ನೀವು ಸುಳ್ಳು ಹೇಳಿದ್ದು ನನಗಾಗಿ. ನಾನು ಹೇಳಿದ್ದೂ ನನಗಾಗಿಯೇ.

ನಿನ್ನೆಯದನ್ನು ಹೇಳಲೇಬೇಕು. ಹುಳ ಹಣ್ಣಾಗಿದ್ದವು. ಬೆಳಿಗ್ಗೆ ಹತ್ತಕ್ಕೆ ಮೋಹನ್‌ಬಾಬು ಒಂದು ಛಾಪಾ ಕಾಗದ ಹಿಡಿದು ಬಂದ. ನಾನು ಮನಸಾರೆ ಸ್ವಾಧೀನ ಬಿಟ್ಟುಕೊಟ್ಟಿದ್ದೇನೆ, ಮೇಲಿನ ಕೋರ್ಟಿಗೆ ಹೋಗುವುದಿಲ್ಲ ಎಂದು ಅದರಲ್ಲಿತ್ತು. ‘ಒಂದು ಸೈನ್ ಹಾಕಕ್ಕ, ಇಬ್ಬರಿಗೂ ನೆಮ್ಮದಿ’ ಎಂದ. ಬಾಗಿಲಲ್ಲೇ ನಿಂತು ಓದಿದೆ. ಕೆಳಗೆ ‘ಆದಿಲಕ್ಷ್ಮಮ್ಮ ನಮ್ಮ ಸಮಕ್ಷಮ ಸಹಿ ಮಾಡಿರುತ್ತಾರೆ’ ಎಂದು ಟೈಪಾಗಿತ್ತು. ಅದರ ಕೆಳಗೆ ಎರಡು ಸಹಿ ಆಗಲೇ ಬಿದ್ದಿದ್ದವು.

‘ಸಾಕ್ಷಿಗಳೆಲ್ಲಪ್ಪ?’ ಎಂದೆ.

‘ಅವರು ಚಿಂತಾಮಣಿಲವ್ರೆ. ಅವರ ಸೈನ್ ಆಗೋಗದಲ್ಲ, ಇನ್ನೇನು.’

‘ಹುಳ ಹಣ್ಣಾಗವೆ. ಈಗ ಮಸಿ ಮುಟ್ಟಲ್ಲ. ಎಲ್ಲಾನೂ ಚಂದ್ರಿಕೆಗೆ ಬಿಟ್ಟು ಬರ್ತೀನಿ, ಅಲ್ಲೇ ನಿಂತಿರು’ ಎಂದು ಒಳಗೆ ಹೋದೆ.

ಅಂಗಳದಲ್ಲಿ ನೆರಳಿಲ್ಲ. ಶಾಲೆಯ ಮಧ್ಯಾಹ್ನದ ಬೆಲ್ ಹೊಡೆಯುವವರೆಗೂ ಬಿಸಿಲಿನಲ್ಲಿ ನಿಂತಿದ್ದ. ಕಿಟಕಿಯಿಂದ ಎರಡು ಸಲ ನೋಡಿದೆ. ಸಂಜೆ ಹೊರಗೆ ಬಂದಾಗ ಇರಲಿಲ್ಲ. ಕಾಗದವನ್ನು ಬಾಗಿಲ ಬಳಿ ಕಲ್ಲಿನ ಕೆಳಗಿಟ್ಟು ಹೋಗಿದ್ದ.

ಅದನ್ನು ಇದರ ಜೊತೆ ಕಳಿಸುತ್ತಿದ್ದೇನೆ, ನೀವೇ ಇಟ್ಟುಕೊಳ್ಳಿ. ನನ್ನ ಸಹಿಯ ಜಾಗ ಖಾಲಿ ಇದೆ. ನಾನು ಸಹಿ ಹಾಕಿದ್ದನ್ನು ಇಬ್ಬರು ನೋಡಿದ್ದಾರೆ.

ಇಂತಿ ನಿಮ್ಮ ಶಿಷ್ಯೆ,
ಆದಿಲಕ್ಷ್ಮಿ